ಮೇಲ್ದವಡೆಯಲ್ಲಿ ಮೂಳೆ 3 ಮಿಲಿಮೀಟರ್ ಮಾತ್ರ ಇದೆಯಂತೆ, ಇಂಪ್ಲಾಂಟ್ ಹಾಕಿಸಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಂಗೆ 56 ವರ್ಷ, ಸಾಗರದ ಹತ್ರ ಹಳ್ಳಿ. ಮೇಲೆ ಬಲಗಡೆ ಎರಡು ದವಡೆಹಲ್ಲು ಹುಳುಕಾಗಿ ಆರು ವರ್ಷದ ಹಿಂದೆ ಕೀಳಿಸಿದ್ದೆ, ಆಮೇಲೆ ಹಂಗೇ ಬಿಟ್ಟೆ, ಎಡಗಡೆಯಲ್ಲೇ ಅಗಿದು ತಿಂತಿದ್ದೆ. ಈಗ ಮಗ ದುಡ್ಡು ಕೊಡ್ತೀನಿ ಇಂಪ್ಲಾಂಟ್ ಹಾಕಿಸ್ಕೋ ಅಂತಿದಾನೆ. ಶಿವಮೊಗ್ಗದಲ್ಲಿ ತೋರಿಸಿದ್ರೆ ಸ್ಕ್ಯಾನ್ ಮಾಡಿ, ಮೂಳೆ 3 ಮಿಲಿಮೀಟರ್ ಮಾತ್ರ ಇದೆ, ಸೈನಸ್ ಕೆಳಗೆ ಇಳಿದಿದೆ, ಸೈನಸ್ ಲಿಫ್ಟ್ ಮಾಡಿ ಬೋನ್ ಪೌಡರ್ ಹಾಕ್ಬೇಕು, ಪೂರ್ತಿ ಮುಗಿಯೋಕೆ ಒಂದು ವರ್ಷದ ಮೇಲೆ ಆಗುತ್ತೆ ಅಂದ್ರು. ಆ ಪೌಡರ್ ದನದ ಮೂಳೇದಂತೆ. ನಾವು ಸಸ್ಯಾಹಾರಿಗಳು, ಅತ್ತೆಗೆ ಗೊತ್ತಾದ್ರೆ ನನ್ನನ್ನ ಅಡುಗೆಮನೆ ಒಳಗೆ ಬಿಡಲ್ಲ. ಇನ್ನೊಂದು ಕಡೆ ಕೇಳಿದ್ರೆ ಮೂಳೆ ಗೀಳೆ ಏನೂ ಬೇಡ, ಮೂರೇ ದಿನದಲ್ಲಿ ಫಿಕ್ಸ್ ಹಲ್ಲು ಕೊಡ್ತೀವಿ, ಈ ತಿಂಗಳು ಆಫರ್ ಇದೆ ಅಂದ್ರು. ನಾದಿನಿ ನೋಡಿದ್ರೆ ರಾಗಿ, ಎಳ್ಳು, ಕ್ಯಾಲ್ಸಿಯಂ ಮಾತ್ರೆ ತಗೊಂಡ್ರೆ ಮೂಳೆ ತಾನೇ ಬೆಳೆಯುತ್ತೆ ಅಂತಾಳೆ. ಯಾರ ಮಾತು ಕೇಳ್ಲಿ? ಸೈನಸ್ ಅಂದ್ರೆ ಕಣ್ಣಿನ ಹತ್ರ ಅಲ್ವಾ, ಕಣ್ಣಿಗೇನಾದ್ರೂ ಆಗುತ್ತಾ? ಅಂದಹಾಗೆ ಶುಗರ್ ಇದೆ, ಮೂರು ತಿಂಗಳ ಸರಾಸರಿ 8.4. ಮೂಳೆ ಸವೆತಕ್ಕೆ ವರ್ಷಕ್ಕೊಂದು ಇಂಜೆಕ್ಷನ್ ಡ್ರಿಪ್‌ನಲ್ಲಿ ಹಾಕಿಸ್ಕೊಳ್ತಿದೀನಿ, ಎರಡು ಸಲ ಆಯ್ತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ಸುತ್ತೆ. ಇದಕ್ಕೆ ಬೆಂಗಳೂರಿಗೇ ಹೋಗ್ಬೇಕಾ?

ಉತ್ತರ: ಮೇಡಂ, ನೀವು ಕೊನೇಲಿ "ಸಂಬಂಧ ಇಲ್ಲ ಅನ್ಸುತ್ತೆ" ಅಂತ ಸೇರಿಸಿದ ಆ ಇಂಜೆಕ್ಷನ್ ಇದೆಯಲ್ಲ, ನಾನು ಅಲ್ಲಿಂದ್ಲೇ ಶುರು ಮಾಡ್ತೀನಿ. ಯಾಕಂದ್ರೆ ಪೌಡರ್ ದನದ್ದಾ ಅಲ್ವಾ, ಮೂರು ದಿನಾನಾ ಒಂದು ವರ್ಷಾನಾ ಅನ್ನೋದೆಲ್ಲ ಆಮೇಲಿನ ಮಾತು. ಈ ಆಪರೇಷನ್ ನಿಮಗೆ ಮಾಡಬಹುದಾ, ಮಾಡೋದಾದ್ರೆ ಎಷ್ಟರ ಮಟ್ಟಿಗೆ ಮಾಡಬೇಕು ಅನ್ನೋದನ್ನ ತೀರ್ಮಾನ ಮಾಡೋದೇ ಆ ಇಂಜೆಕ್ಷನ್ನು, ಅದ್ರ ಜೊತೆಗೆ ಆ 8.4.

ಮೂಳೆ ಸವೆತಕ್ಕೆ ವರ್ಷಕ್ಕೊಂದು ಸಲ ಡ್ರಿಪ್‌ನಲ್ಲಿ ಕೊಡೋದು ಅಂದ್ರೆ ಬಹುತೇಕ ಜೊಲೆಡ್ರೋನಿಕ್ ಆಸಿಡ್, 5 ಮಿಲಿಗ್ರಾಂ. ನಮ್ಮ ಮೂಳೆ ಸದಾ ಒಂದು ಕಡೆ ಕರಗ್ತಾ ಇನ್ನೊಂದು ಕಡೆ ಕಟ್ಟಿಕೊಳ್ತಾ ಇರುತ್ತೆ, ವಯಸ್ಸಾದ ಹೆಂಗಸರಲ್ಲಿ ಕರಗೋದು ಜಾಸ್ತಿ ಆಗುತ್ತೆ, ಈ ಔಷಧಿ ಆ ಕರಗಿಸೋ ಜೀವಕೋಶಗಳನ್ನ ಅಡಗಿಸುತ್ತೆ, ಅದ್ರಿಂದ ಸೊಂಟ, ಬೆನ್ನುಮೂಳೆ ಮುರಿಯೋದು ಕಮ್ಮಿ ಆಗುತ್ತೆ. ಒಳ್ಳೇ ಔಷಧಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಹಲ್ಲು ಕಿತ್ತಾಗ, ಇಂಪ್ಲಾಂಟ್ ಅಂದ್ರೆ ಬೇರಿನ ಬದಲು ಟೈಟಾನಿಯಂ ಸ್ಕ್ರೂ ಕೂರಿಸಿದಾಗ, ಗ್ರಾಫ್ಟ್ ಅಂದ್ರೆ ಮೂಳೆ ಬರಿಸೋಕೆ ಆ ಪೌಡರ್ ಥರದ್ದು ಇಟ್ಟಾಗ ಗಾಯದ ಜಾಗದ ಹಳೇ ಮೂಳೆ ಕರಗಿ ಹೊಸದು ಬರಬೇಕು, ಔಷಧಿ ಆ ಕೆಲಸವನ್ನೇ ನಿಧಾನ ಮಾಡಿರುತ್ತೆ. ಅಪರೂಪಕ್ಕೆ ಕೆಲವರಿಗೆ ವಸಡು ಮುಚ್ಚೋದೇ ಇಲ್ಲ, ಒಳಗಿನ ಮೂಳೆ ಹೊರಗೆ ಕಾಣಿಸ್ಕೊಂಡು ಎಂಟು ವಾರ ಕಳೆದ್ರೂ ವಾಸಿ ಆಗಲ್ಲ, ಕೀವು, ನೋವು, ಕೊನೆಗೆ ಆ ಭಾಗದ ಮೂಳೆಯನ್ನೇ ತೆಗೀಬೇಕಾಗಿ ಬರಬಹುದು. ಅಮೆರಿಕದ ಮಯಾಮಿಯ ದವಡೆ ಸರ್ಜನ್ ರಾಬರ್ಟ್ ಮಾರ್ಕ್ಸ್ 2003ರಲ್ಲಿ ಇದನ್ನ ಬರೆದ ಮೇಲೇ ನಮ್ಮ ವೃತ್ತಿಯವರಿಗೆ ಇದರ ಗಂಭೀರತೆ ಗೊತ್ತಾಗಿದ್ದು.

ಹೆದರಿಸೋಕೆ ಹೇಳ್ತಿಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇದೇ ಔಷಧಿ ತಿಂಗಳಿಗೊಂದು ಸಲದಂತೆಲ್ಲ ಕೊಡ್ತಾರೆ, ಅವ್ರಲ್ಲಿ ಈ ತೊಂದರೆ ನೂರಕ್ಕೆ ಕೆಲವರಿಗೆ ಬರುತ್ತೆ, ಅಂಥವರಿಗೆ ನಾನಂತೂ ಇಂಪ್ಲಾಂಟ್ ಮಾತೇ ಎತ್ತಲ್ಲ. ನಿಮ್ಮ ಹಾಗೆ ಮೂಳೆ ಸವೆತಕ್ಕೆ ವರ್ಷಕ್ಕೊಂದು ತಗೊಳೋರಲ್ಲಿ ಇದು ಹತ್ತು ಸಾವಿರಕ್ಕೆ ಕೆಲವೇ ಜನರಲ್ಲಿ ಕಂಡಿದೆ. ಹಾಗಾಗಿ ನಿಮಗೆ ಇಂಪ್ಲಾಂಟ್ ಆಗೋದೇ ಇಲ್ಲ ಅಂತಲ್ಲ, ಆದ್ರೆ ಶುಗರ್ 8.4, ಮೇಲಿಂದ ಈ ಇಂಜೆಕ್ಷನ್, ಅದ್ರ ಮೇಲೆ ದೊಡ್ಡ ಗ್ರಾಫ್ಟ್ ಅಂತ ಮೂರೂ ಒಟ್ಟಿಗೆ ಸೇರಿದಾಗ ಲೆಕ್ಕ ಬದಲಾಗುತ್ತೆ. ನಿಮ್ಮನ್ನ ನೋಡಿದ ಇಬ್ಬರಲ್ಲಿ ಯಾರಾದ್ರೂ ಈ ಇಂಜೆಕ್ಷನ್ ಬಗ್ಗೆ ಕೇಳಿದ್ರಾ ಅಂತ ನೀವು ಬರೆದಿಲ್ಲ. ಕೇಳಿರದಿದ್ರೆ ನೀವಾಗೇ ಹೋಗಿ ಹೇಳಿ, ಇಂಜೆಕ್ಷನ್ ಹಾಕಿದ ಆಸ್ಪತ್ರೆಯ ಚೀಟಿ ತಗೊಂಡೇ ಹೋಗಿ, ಅದ್ರಲ್ಲಿ ಔಷಧಿ ಹೆಸರು, ತಾರೀಖು ಎರಡೂ ಇರಬೇಕು. ಮತ್ತೆ ದಯವಿಟ್ಟು ಇದನ್ನ ಓದಿ ನೀವೇ ಮುಂದಿನ ಡೋಸ್ ನಿಲ್ಲಿಸ್ಬೇಡಿ. ಜೊಲೆಡ್ರೋನಿಕ್ ಮೂಳೆಯಲ್ಲಿ ವರ್ಷಗಟ್ಟಲೆ ಉಳ್ಕೊಳುತ್ತೆ, ಎರಡು ಮೂರು ತಿಂಗಳು ನಿಲ್ಲಿಸಿದ್ರೆ ದವಡೆಗೆ ಲಾಭ ಆಗುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಇನ್ನು ಕೆಲವರಿಗೆ ಆರು ತಿಂಗಳಿಗೊಂದು ಚರ್ಮದ ಕೆಳಗೆ ಕೊಡೋ ಡೆನೊಸುಮ್ಯಾಬ್ ಅಂತ ಬೇರೆ ಇಂಜೆಕ್ಷನ್ ನಡೀತಿರುತ್ತೆ, ಅದನ್ನಂತೂ ತಟ್ಟನೆ ಬಿಟ್ರೆ ಬೆನ್ನುಮೂಳೆಗಳು ಸಾಲಾಗಿ ಮುರಿದ ಉದಾಹರಣೆಗಳಿವೆ. ನಿಲ್ಲಿಸೋದು, ಮುಂದಕ್ಕೆ ಹಾಕೋದು ಎಲ್ಲ ಆ ಇಂಜೆಕ್ಷನ್ ಬರೆದುಕೊಟ್ಟ ಡಾಕ್ಟ್ರು ಮತ್ತೆ ಹಲ್ಲಿನ ಡಾಕ್ಟ್ರು ಮಾತಾಡ್ಕೊಂಡು ಮಾಡ್ಬೇಕಾದ ಕೆಲ್ಸ.

ಶುಗರ್ ವಿಷಯ ಬೇಗ ಹೇಳಿ ಮುಗಿಸ್ತೀನಿ. 7ರ ಹತ್ರ, ಹೆಚ್ಚಂದ್ರೆ 7.5ರ ಒಳಗೆ ಬರೋವರೆಗೆ ಇಂಥ ಅರ್ಜೆಂಟ್ ಅಲ್ಲದ ಆಪರೇಷನ್ ನಾನು ಮಾಡಲ್ಲ. ಶುಗರ್ ಜಾಸ್ತಿ ಇದ್ರೆ ಗಾಯ ಒಣಗೋದು ನಿಧಾನ, ಗ್ರಾಫ್ಟ್‌ಗೆ ಸೋಂಕು ತಗಲೋದು ಸುಲಭ. ನಿಮ್ಮ ಕಡೆ ಎಲೆ ಅಡಿಕೆ ಮಾಮೂಲಿ, ಅದಕ್ಕೇ ಕೇಳ್ತಿದೀನಿ, ಅಭ್ಯಾಸ ಇದೆಯಾ? ಹೊಗೆಸೊಪ್ಪು ಸೇರಿಸ್ತೀರಾ? ಹೊಗೆಸೊಪ್ಪು ಗ್ರಾಫ್ಟ್‌ಗೂ ಇಂಪ್ಲಾಂಟ್‌ಗೂ ಎರಡಕ್ಕೂ ಶತ್ರು. ಬರೀ ಅಡಿಕೆ ಆದ್ರೂ ವರ್ಷಗಟ್ಟಲೆ ಅಗಿದವರಿಗೆ ಕೆನ್ನೆ ಒಳಗೆ ಬಿಗಿದು ಬಾಯಿ ಪೂರ್ತಿ ತೆರೆಯೋಕಾಗಲ್ಲ, ಹಿಂದಿನ ದವಡೆಗೆ ನಮ್ಮ ಡ್ರಿಲ್ಲೇ ಹೋಗಲ್ಲ, ಆಗ ಯಾವ ಪೌಡರ್ ಒಳ್ಳೇದು ಅನ್ನೋ ಚರ್ಚೆ ಮಾಡಿ ಪ್ರಯೋಜನ ಇಲ್ಲ.

ಇನ್ನು ಮೂಳೆ ಎಲ್ಲಿಗೆ ಹೋಯ್ತು ಅನ್ನೋ ಪ್ರಶ್ನೆ. ನಾದಿನಿಯವರ ಮಾತಿಗೆ ಉತ್ತರಾನೂ ಇದ್ರಲ್ಲೇ ಇದೆ. ಹಲ್ಲನ್ನ ಹಿಡ್ಕೊಂಡಿರೋ ದವಡೆಯ ಆ ಅಂಚು ಹಲ್ಲಿಗೋಸ್ಕರವೇ ಇರೋದು, ಹಲ್ಲಿನ ಜೊತೆ ಬರುತ್ತೆ, ಹಲ್ಲಿನ ಜೊತೆ ಹೋಗುತ್ತೆ. ಬೇರಿನ ಸುತ್ತ ಇರೋ ನಾರಿನಿಂದ ಆ ಮೂಳೆಗೆ ರಕ್ತ ಸಿಗ್ತಿರುತ್ತೆ, ಹಲ್ಲು ಕಿತ್ತ ದಿನ ನಾರೂ ಹೋಯ್ತು, ಆ ರಕ್ತವೂ ಹೋಯ್ತು, ಅಗಿಯೋವಾಗ ಬೀಳ್ತಿದ್ದ ಒತ್ತಡವೂ ಹೋಯ್ತು. ಕೆನ್ನೆ ಕಡೆಯ ಗೋಡೆ ಮೊದಲೇ ತೆಳು, ಅದು ಮೊದಲ ಮೂರರಿಂದ ಆರು ತಿಂಗಳಲ್ಲೇ ಬೇಗ ಬೇಗ ಕರಗುತ್ತೆ, ಒಂದು ವರ್ಷದ ಹೊತ್ತಿಗೆ ದವಡೆಯ ಅಗಲ ಸುಮಾರು ಅರ್ಧದಷ್ಟು ಕಮ್ಮಿ ಆಗಿರೋದು ಅಪರೂಪವೇನಲ್ಲ. ಮೇಲ್ದವಡೆಯ ಹಿಂಭಾಗದಲ್ಲಿ ಇನ್ನೊಂದು ತಾಪತ್ರಯ, ಅಲ್ಲಿ ಬೇರುಗಳ ಮೇಲೇ ಸೈನಸ್ ಅನ್ನೋ ಗಾಳಿ ತುಂಬಿದ ಗೂಡು ಇದೆ, ಹಲ್ಲು ಹೋದ ಮೇಲೆ ಅದು ಖಾಲಿ ಜಾಗಕ್ಕೆ ಕೆಳಗೆ ಹಿಗ್ಗುತ್ತೆ. ಕೆಳಗಿಂದ ಮೂಳೆ ಕರಗ್ತು, ಮೇಲಿಂದ ಸೈನಸ್ ಇಳೀತು, ನಡುವೆ ಉಳಿದಿದ್ದು ನಿಮ್ಮ 3 ಮಿಲಿಮೀಟರ್. ಇದು ಕ್ಯಾಲ್ಸಿಯಂ ಕೊರತೆಯಿಂದ ಆಗಿದ್ದಲ್ಲ, ಆದ್ರಿಂದ ಕ್ಯಾಲ್ಸಿಯಂ ತಿಂದ್ರೆ ವಾಪಸ್ ಬರೋದೂ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ನಿಮ್ಮ ಸೊಂಟಕ್ಕೂ ಬೆನ್ನಿಗೂ ಅದು ಬೇಕೇ ಬೇಕು, ಅಂಬಲಿಯೋ ರೊಟ್ಟಿಯೋ ಮಾಡ್ಕೊಂಡು ತಿನ್ನಿ, ಡಿ ವಿಟಮಿನ್ ಕಮ್ಮಿ ಇದ್ರೆ ಅದನ್ನೂ ಸರಿ ಮಾಡ್ಕೊಳಿ. ಆದ್ರೆ ಹಲ್ಲು ಕಿತ್ತ ಜಾಗದ ದವಡೆ ತಿಂದು ಬೆಳೆಯಲ್ಲ, ಯಾವ ಮಾತ್ರೆಗೂ ಬೆಳೆಯಲ್ಲ, ಎಣ್ಣೆ ಮುಕ್ಕಳಿಸಿದ್ರೂ ಬೆಳೆಯಲ್ಲ.

ಸರಿ, ಹಾಗಾದ್ರೆ ಪೌಡರ್ ಹಾಕಿದ್ರೆ ಹೇಗೆ ಬೆಳೆಯುತ್ತೆ? ಪೌಡರ್ ತಾನೇ ಮೂಳೆ ಆಗಿಬಿಡುತ್ತೆ ಅಂತ ಸುಮಾರು ಜನ ತಿಳ್ಕೊಂಡಿದಾರೆ, ಹಂಗಲ್ಲ. ಅದು ಸಣ್ಣ ಸಣ್ಣ ಕಾಳು, ಒಂದೊಂದ್ರಲ್ಲೂ ಸೂಕ್ಷ್ಮ ರಂಧ್ರ, ಅದ್ರ ಕೆಲ್ಸ ಜಾಗ ಹಿಡ್ಕೊಂಡಿರೋದು ಅಷ್ಟೇ. ಸುತ್ತಲಿನ ನಿಮ್ಮದೇ ಮೂಳೆಯಿಂದ ರಕ್ತನಾಳ, ಜೀವಕೋಶ ಆ ಕಾಳುಗಳ ಸಂದಿಗೆ ನುಗ್ಗಿ ಹೊಸ ಮೂಳೆ ಕಟ್ಟಬೇಕು. ಅಂದ್ರೆ ಕಟ್ಟೋದು ನಿಮ್ಮ ಶರೀರವೇ. ಅದಕ್ಕೇ ನಾನು ಇಂಜೆಕ್ಷನ್ನು, ಶುಗರ್ ಅಂತ ಅಷ್ಟೊಂದು ಹೇಳಿದ್ದು. ಕಿಡ್ನಿ ಕಸಿ ಥರ ಶರೀರ ಇದನ್ನ ತಿರಸ್ಕರಿಸುತ್ತಾ ಅಂತಾನೂ ಕೇಳ್ತಾರೆ, ಈ ಪೌಡರ್‌ಗಳಲ್ಲಿ ಜೀವಂತ ಕೋಶ ಏನೂ ಇರಲ್ಲ, ಆ ಥರದ ತಿರಸ್ಕಾರದ ಪ್ರಶ್ನೆ ಬರಲ್ಲ. ಗ್ರಾಫ್ಟ್ ಕೆಡೋದು ಸೋಂಕಿನಿಂದ, ಅಲುಗಾಡೋದ್ರಿಂದ, ಮೇಲಿನ ವಸಡು ಬಿಟ್ಕೊಂಡು ಪೌಡರ್ ಬಾಯಿಗೆ ತೆರ್ಕೊಳೋದ್ರಿಂದ.

ದನದ ಮೂಳೆ ವಿಷಯ. ನಿಮ್ಮ ಡಾಕ್ಟ್ರು ಮುಚ್ಚುಮರೆ ಇಲ್ದೆ ಹೇಳಿದ್ರಲ್ಲ, ಅದಕ್ಕೆ ಅವ್ರನ್ನ ಮೆಚ್ಚಬೇಕು, ಎಷ್ಟೋ ಕಡೆ "ಬೋನ್ ಪೌಡರ್" ಅಂದು ಸುಮ್ಮನಾಗಿಬಿಡ್ತಾರೆ. ಪ್ರಪಂಚದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರೋ ಪೌಡರ್‌ಗಳಲ್ಲಿ ಒಂದಾದ ಸ್ವಿಟ್ಜರ್ಲೆಂಡ್‌ನ ಬಯೋ-ಆಸ್ ದನದ ಮೂಳೆಯಿಂದ ತಯಾರಾಗೋದೇ, ಶಾಖ ಮತ್ತೆ ರಾಸಾಯನಿಕಗಳಿಂದ ಮಾಂಸ, ಕೊಬ್ಬು, ಪ್ರೋಟೀನ್ ಎಲ್ಲ ತೆಗೆದು ಬರೀ ಖನಿಜ ಉಳಿಸ್ಕೊಂಡಿರ್ತಾರೆ. ವೈದ್ಯಕೀಯವಾಗಿ ಒಳ್ಳೇ ವಸ್ತು, ನಿಧಾನಕ್ಕೆ ಕರಗುತ್ತೆ, ಕಾಳುಗಳು ವರ್ಷಗಟ್ಟಲೆ ಒಳಗೇ ಇರ್ತಾವೆ. ಬರೀ ಖನಿಜ ತಾನೇ ಪರವಾಗಿಲ್ಲ ಅನ್ನೋದೋ, ಇಲ್ಲ ನಂಗೆ ಬೇಡ ಅನ್ನೋದೋ, ಅದು ನಿಮ್ಮ ಮನಸ್ಸಿಗೆ, ನಿಮ್ಮ ಆಚಾರಕ್ಕೆ ಬಿಟ್ಟಿದ್ದು, ಅದ್ರಲ್ಲಿ ಡಾಕ್ಟ್ರು ವಾದ ಮಾಡ್ಬಾರ್ದು, ನಾನೂ ಮಾಡಲ್ಲ. ಬೇಡ ಅಂದ್ರೆ ಬೇರೆ ದಾರಿ ಧಾರಾಳವಾಗಿದೆ. ಪೂರ್ತಿ ಕೃತಕವಾದ ಕ್ಯಾಲ್ಸಿಯಂ ಫಾಸ್ಫೇಟ್ ಪೌಡರ್‌ಗಳು ಸಿಗ್ತವೆ, ಹೈಡ್ರಾಕ್ಸಿಅಪಟೈಟ್ ಮತ್ತೆ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಸೇರಿಸಿದ್ದು, ಯಾವ ಪ್ರಾಣೀದೂ ಅಲ್ಲ. ಮನುಷ್ಯರು ದಾನ ಮಾಡಿದ ಮೂಳೆಯಿಂದ ತಯಾರಿಸಿ ಗಾಮಾ ಕಿರಣದಿಂದ ಶುದ್ಧ ಮಾಡಿದ ಪೌಡರ್ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್‌ನಿಂದ ಬರುತ್ತೆ. ನಿಮ್ಮದೇ ಮೂಳೆಯನ್ನ ಗಲ್ಲದಿಂದ ಅಥವಾ ಕೆಳದವಡೆಯ ಹಿಂಭಾಗದಿಂದ ತೆಗೆದೂ ಹಾಕಬಹುದು, ಆದ್ರೆ ಇನ್ನೊಂದು ಗಾಯ, ಇನ್ನೊಂದು ಊತ, ಆ ಇಂಜೆಕ್ಷನ್ ತಗೊಂಡಿರೋ ನಿಮ್ಮಲ್ಲಿ ದವಡೆಗೆ ಎರಡನೇ ಗಾಯ ಮಾಡೋಕೆ ನಾನು ಒಪ್ಪಲ್ಲ.

ಇಲ್ಲೊಂದು ಸಮಾಧಾನದ ವಿಷಯ ಇದೆ. ಸೈನಸ್ ಲಿಫ್ಟ್, ಅಂದ್ರೆ ಸೈನಸ್‌ನ ನೆಲ ಎತ್ತಿ ಪೌಡರ್ ತುಂಬೋದು, ಮಾಡೋದು ಸುತ್ತಲೂ ಮೂಳೆಯ ಗೋಡೆ ಇರೋ ಜಾಗದಲ್ಲಿ, ಪೌಡರ್ ಜಾರಿ ಹೋಗೋಕೆ ದಾರಿ ಕಮ್ಮಿ, ಅದಕ್ಕೇ ಅಲ್ಲಿ ದನದ್ದು ಹಾಕಿದ್ರೂ ಕೃತಕದ್ದು ಹಾಕಿದ್ರೂ ಇಂಪ್ಲಾಂಟ್ ಉಳಿಯೋದ್ರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಪೌಡರ್ ಯಾವುದು ಅನ್ನೋದು ಜಾಸ್ತಿ ಲೆಕ್ಕಕ್ಕೆ ಬರೋದು ತೆರೆದ ಅಂಚಲ್ಲಿ ದವಡೆಯ ಎತ್ತರ ಏರಿಸೋವಾಗ. ನಿಮ್ಮ ಕೇಸಲ್ಲಿ ಮಡಿ ಉಳಿಸ್ಕೊಂಡ್ರೆ ವೈದ್ಯಕೀಯವಾಗಿ ಕಳ್ಕೊಳೋದು ಏನೂ ಇಲ್ಲ ಅನ್ನಬಹುದು. ಆದ್ರೆ ಪೌಡರ್ ಕೇಳಿ ಸುಮ್ಮನಾಗ್ಬೇಡಿ! ಪೌಡರ್ ಮೇಲೆ ಮುಚ್ಚೋ ಪೊರೆ ಇರುತ್ತೆ, ಮೆಂಬ್ರೇನ್ ಅಂತಾರೆ, ಅದು ಸಾಮಾನ್ಯವಾಗಿ ಹಂದಿ ಅಥವಾ ದನದ ಕೊಲಾಜೆನ್ ಅನ್ನೋ ಪ್ರೋಟೀನ್, ಅದನ್ನ ಯಾರೂ ಕೇಳೋದೂ ಇಲ್ಲ, ಹೇಳೋದೂ ಇಲ್ಲ. ರಕ್ತ ನಿಲ್ಲಿಸೋ ಸ್ಪಂಜಿಗೂ ಇದೇ ಮಾತು, ಪ್ರಾಣಿಗಳಿಂದ್ಲೇ ತೆಗೆದ ಜೆಲಾಟಿನ್ ಇರುತ್ತೆ. ಹಂದಿ ಬೇಡ ಅನ್ನೋ ಮುಸ್ಲಿಂ ಪೇಷಂಟ್‌ಗಳಿಗೂ ನಾನು ಇದನ್ನೇ ಹೇಳೋದು, ಪೊರೆ ಯಾವುದ್ರದ್ದು ಅಂತ ಮೊದಲೇ ಕೇಳಿ. ಇದಕ್ಕೂ ಬದಲಿ ಇದೆ, ನಿಮ್ಮದೇ ರಕ್ತ ಸ್ವಲ್ಪ ತೆಗೆದು ಯಂತ್ರದಲ್ಲಿ ತಿರುಗಿಸಿ ಪಿಆರ್‌ಎಫ್ ಅನ್ನೋ ಪೊರೆ ಮಾಡ್ತಾರೆ, ಫ್ರಾನ್ಸ್‌ನಲ್ಲಿ 2001ರ ಸುಮಾರಿಗೆ ಶುರುವಾದ ವಿಧಾನ, ಈಗ ನಮ್ಮ ಕಡೆ ತಾಲೂಕು ಊರುಗಳ ಕ್ಲಿನಿಕ್ಕಲ್ಲೂ ಮಾಡ್ತಾರೆ. ಅದು ಗಾಯ ಒಣಗೋಕೆ ಒಳ್ಳೇದು, ಆದ್ರೆ ಪಿಆರ್‌ಎಫ್ ಒಂದ್ರಿಂದ್ಲೇ ಮೂಳೆ ಬರಿಸ್ತೀವಿ ಅಂದ್ರೆ ಅಷ್ಟು ನಂಬಬೇಡಿ.

ಈಗ ಆಪರೇಷನ್. ಇದೇನು ಹೊಸ ಪ್ರಯೋಗ ಅಲ್ಲ. ಮೂಳೆಗೆ ಟೈಟಾನಿಯಂ ಅಂಟ್ಕೊಳುತ್ತೆ ಅಂತ ಕಂಡ್ಕೊಂಡ ಸ್ವೀಡನ್‌ನ ಬ್ರೋನೆಮಾರ್ಕ್ ಮೊದಲ ಪೇಷಂಟ್‌ಗೆ ಇಂಪ್ಲಾಂಟ್ ಹಾಕಿದ್ದು 1965ರಲ್ಲಿ, ಸೈನಸ್ ಎತ್ತೋದನ್ನ ಅಮೆರಿಕದಲ್ಲಿ ಟೇಟಮ್ ಅನ್ನೋರು 70ರ ದಶಕದಲ್ಲೇ ಮಾಡ್ತಿದ್ರು, 1980ರಲ್ಲಿ ಬಾಯ್ನ್ ಮತ್ತೆ ಜೇಮ್ಸ್ ಅದನ್ನ ಪ್ರಕಟಿಸಿದ್ರು. ಮಾಡೋದು ಹೀಗೆ, ವಸಡು ಬಿಡಿಸಿ, ಕೆನ್ನೆ ಕಡೆಯಿಂದ ಸೈನಸ್ ಗೋಡೆಯಲ್ಲಿ ಸಣ್ಣ ಕಿಂಡಿ ಕೊರೀತಾರೆ, ಒಳಗಿರೋ ಸೈನಸ್‌ನದೇ ಪೊರೆಯನ್ನ ಹರಿಯದ ಹಾಗೆ ಮೆಲ್ಲಗೆ ಬಿಡಿಸಿ ಮೇಲಕ್ಕೆ ಎತ್ತುತಾರೆ, ಅದ್ರ ಕೆಳಗೆ ಆದ ಜಾಗಕ್ಕೆ ಪೌಡರ್ ತುಂಬಿ ಹೊಲಿಗೆ ಹಾಕ್ತಾರೆ. ಆ ಪೊರೆ ಈರುಳ್ಳಿ ಪದರಗಳ ಮಧ್ಯೆ ಬರುತ್ತಲ್ಲ ತೆಳು ಸಿಪ್ಪೆ, ಹಾಗಿರುತ್ತೆ, ಅದನ್ನ ಹರೀದೆ ಎತ್ತೋದ್ರಲ್ಲೇ ಕೈಚಳಕ ಇರೋದು. ಬಾಯಿ ಮರಗಟ್ಟಿಸೋ ಇಂಜೆಕ್ಷನ್‌ನಲ್ಲೇ ಆಗುತ್ತೆ, ಪೂರ್ತಿ ಅರಿವಳಿಕೆ ಬೇಕಾಗಲ್ಲ. ಉಳಿದ ಮೂಳೆ 5 ಮಿಲಿಮೀಟರ್ ಹತ್ರ ಇದ್ದಿದ್ರೆ ಅದೇ ದಿನ ಇಂಪ್ಲಾಂಟೂ ಕೂರಿಸಬಹುದಿತ್ತು, ಅಥವಾ ಕೆಳಗಿನಿಂದ್ಲೇ ತಟ್ಟಿ ಎತ್ತೋ ಸಣ್ಣ ವಿಧಾನ ಸಾಕಾಗ್ತಿತ್ತು, ಇಲ್ಲಾಂದ್ರೆ 6 ಮಿಲಿಮೀಟರ್‌ನ ಗಿಡ್ಡ ಇಂಪ್ಲಾಂಟ್ ಯೋಚನೆ ಮಾಡಬಹುದಿತ್ತು. 3ರಲ್ಲಿ ಇಂಪ್ಲಾಂಟ್ ಗಟ್ಟಿ ನಿಲ್ಲೋದು ಕಷ್ಟ, ಅದಕ್ಕೇ ಮೊದಲು ಗ್ರಾಫ್ಟ್, ಆರರಿಂದ ಎಂಟು ತಿಂಗಳು ಬಿಟ್ಟು ಇಂಪ್ಲಾಂಟ್, ಮತ್ತೆ ನಾಲ್ಕು ತಿಂಗಳಾದ್ರೂ ಬಿಟ್ಟು ಕ್ಯಾಪ್. ನಿಮ್ಮ ಡಾಕ್ಟ್ರು ಒಂದು ವರ್ಷದ ಮೇಲೆ ಅಂದಿದ್ದು ಎಳೆದಾಡೋಕಲ್ಲ, ಅದೇ ಸರಿಯಾದ ಲೆಕ್ಕ.

ಕಣ್ಣಿನ ಭಯ ಬಿಡಿ. ಸೈನಸ್‌ನ ಮೇಲ್ಛಾವಣಿ ಕಣ್ಣಿನ ಗೂಡಿಗೆ ತಾಗಿರೋದು ನಿಜ, ಆದ್ರೆ ನಾವು ಕೆಲ್ಸ ಮಾಡೋದು ಸೈನಸ್‌ನ ನೆಲದಲ್ಲಿ, ಎರಡರ ಮಧ್ಯೆ ಮೂರು ಸೆಂಟಿಮೀಟರ್‌ನಷ್ಟು ಅಂತರ ಇರುತ್ತೆ. ನಿಜವಾದ ಅಪಾಯಗಳು ಬೇರೆ. ಎಲ್ಲಕ್ಕಿಂತ ಸಾಮಾನ್ಯ ಆ ಪೊರೆ ಹರಿಯೋದು, ಸಣ್ಣದಾದ್ರೆ ತೇಪೆ ಹಾಕಿ ಮುಂದುವರೀತೀವಿ, ದೊಡ್ಡದಾದ್ರೆ ಅಲ್ಲಿಗೇ ನಿಲ್ಲಿಸಿ ಮುಚ್ಚಿ ಕೆಲವು ತಿಂಗಳು ಬಿಟ್ಟು ಮತ್ತೆ ಮಾಡ್ಬೇಕು, ಆಗ "ಆಪರೇಷನ್ ಮಾಡಿ ಏನೂ ಹಾಕ್ಲಿಲ್ಲ" ಅಂತ ಸಿಟ್ಟಾಗ್ಬೇಡಿ, ನಿಲ್ಲಿಸೋದೇ ಜಾಣತನ. ಪೌಡರ್ ಸೈನಸ್ ಒಳಗೆ ಹೋಗಿ ಸೋಂಕಾದ್ರೆ ವಾಸನೆ, ಒಂದೇ ಕಡೆ ಮೂಗು ಕಟ್ಟೋದು, ಕೀವು, ಆಗ ಕಿವಿ-ಮೂಗು-ಗಂಟಲು ಡಾಕ್ಟ್ರು ಸಹಾಯ ಬೇಕಾಗುತ್ತೆ, ಒಮ್ಮೊಮ್ಮೆ ಪೂರ್ತಿ ಪೌಡರ್ ತೆಗೆದು ತೊಳೀಬೇಕಾಗುತ್ತೆ. ಅದಕ್ಕೇ ಮೊದಲಿಂದ ನೆಗಡಿ, ಸೈನಸ್ ತೊಂದರೆ ಇರೋರು ಮೂಗಿನ ಡಾಕ್ಟ್ರಿಗೆ ತೋರಿಸಿ ಬರಬೇಕು. ಕೆನ್ನೆ ಊದೋದು, ನೀಲಿಗಟ್ಟೋದು, ಒಂದೆರಡು ದಿನ ಮೂಗಲ್ಲಿ ಸ್ವಲ್ಪ ರಕ್ತ ಬರೋದು, ಇದೆಲ್ಲ ಮಾಮೂಲಿ. ಆಮೇಲೆ ಎರಡು ಮೂರು ವಾರ ಮೂಗು ಸೀಟಬಾರ್ದು, ಸೀನು ಬಂದ್ರೆ ಬಾಯಿ ತೆರೆದು ಸೀನಿ, ಸ್ಟ್ರಾ ಹಾಕಿ ಕುಡೀಬಾರ್ದು. ಇಂಗ್ಲಿಷ್‌ನಲ್ಲಿ ಅಚ್ಚು ಹಾಕಿಸಿದ ಸೂಚನೆ ಹಾಳೆಯಲ್ಲಿ ಇರದ ಕೆಲವನ್ನ ನಾನು ಬಾಯಲ್ಲೇ ಹೇಳ್ತೀನಿ, ಕಪಾಲಭಾತಿ ಬೇಡ, ಜಲನೇತಿ ಬೇಡ, ಶಂಖ ಊದೋರು ಊದಬೇಡಿ, ಕೊಳವೆಯಲ್ಲಿ ಒಲೆ ಊದಬೇಡಿ. ಒಳಗಿನ ಗಾಳಿ ಒತ್ತಡಕ್ಕೆ ಪೊರೆ ಮೇಲೆ ಕೆಳಗೆ ಆಡಿದ್ರೆ ಅಷ್ಟು ದಿನದ ಕೆಲ್ಸ ಹಾಳು.

ಮೂರು ದಿನದ ಹಲ್ಲು. ಅದನ್ನ ಮೋಸ ಅಂತ ನಾನು ಹೇಳಲ್ಲ. ಅಲ್ಲಿ ಮೆತ್ತನೆ ಮೂಳೆ ಬಿಟ್ಟು ಆಳದಲ್ಲಿರೋ ಗಟ್ಟಿ ಹೊರಪದರಕ್ಕೆ ಉದ್ದ ಸ್ಕ್ರೂ ಹಿಡಿಸಿ, ಹಲವು ಸ್ಕ್ರೂಗಳನ್ನ ಒಂದಕ್ಕೊಂದು ಬಿಗಿದು ತಕ್ಷಣ ಹಲ್ಲು ಕೊಡ್ತಾರೆ, ಬೇಸಲ್ ಇಂಪ್ಲಾಂಟ್ ಅಂತಾರೆ. ದವಡೆ ಪೂರ್ತಿ ಖಾಲಿ ಇರೋರಿಗೆ, ಮೂಳೆ ತೀರಾ ಹೋಗಿ ಗ್ರಾಫ್ಟ್‌ಗೂ ಆಗದೆ ಇರೋರಿಗೆ ಅದಕ್ಕೊಂದು ಜಾಗ ಇದೆ. ಕೆನ್ನೆಮೂಳೆಗೇ ಹೋಗೋ ಜೈಗೋಮ್ಯಾಟಿಕ್ ಇಂಪ್ಲಾಂಟ್‌ಗೂ ಹಾಗೇ, ಕಣ್ಣಿಗೆ ಹತ್ತಿರ ಹೋಗೋದು ಅದು, ಸೈನಸ್ ಲಿಫ್ಟ್ ಅಲ್ಲ. ಆದ್ರೆ ಒಂದು ಪಕ್ಕದಲ್ಲಿ ಎರಡೇ ಹಲ್ಲು ಇಲ್ಲದ ನಿಮಗೆ ಅಷ್ಟೆಲ್ಲ ಮಾಡೋದು ಅತಿ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಮೇಲಾಗಿ ಸಾಮಾನ್ಯ ಇಂಪ್ಲಾಂಟ್‌ಗಳಿಗೆ ಇರೋ ಹಾಗೆ ದಶಕಗಳ ಅನುಭವದ ಲೆಕ್ಕ ಅದಕ್ಕಿಲ್ಲ, ಒಂದು ಸ್ಕ್ರೂ ಸಡಿಲ ಆದ್ರೆ ಬಿಗಿದ ಪೂರ್ತಿ ಸೆಟ್‌ಗೆ ಏಟು, ಹಲ್ಲು ಮೂರು ದಿನದಲ್ಲಿ ಬಂದ್ರೂ ಒಳಗಿನ ಮೂಳೆ ವಾಸಿ ಆಗೋಕೆ ಅದ್ರದ್ದೇ ತಿಂಗಳುಗಳು ಬೇಕು. ಮತ್ತೆ ಆ ಜೊಲೆಡ್ರೋನಿಕ್ ಮಾತು ಅಲ್ಲಿಗೂ ಅಷ್ಟೇ ಅನ್ವಯ ಆಗುತ್ತೆ, ಗ್ರಾಫ್ಟ್ ಇಲ್ಲ ಅಂದ ಮಾತ್ರಕ್ಕೆ ಮೂಳೆಗೆ ಡ್ರಿಲ್ ಹಾಕಿಲ್ಲ ಅಂತೇನೂ ಅಲ್ಲ. ಆಪರೇಷನ್‌ಗೆ ತಿಂಗಳ ಕೊನೆಯೊಳಗೆ ಮಾಡ್ಸಿದ್ರೆ ಡಿಸ್ಕೌಂಟ್ ಅನ್ನೋದು ನಂಗೆ ಯಾವತ್ತೂ ಅರ್ಥ ಆಗಿಲ್ಲ, ಸೀರೆ ಅಂಗಡೀಲಿ ಸರಿ, ದವಡೇಲಲ್ಲ.

ಈಗ ಯಾರೂ ನಿಮಗೆ ಹೇಳದ ಒಂದು ದಾರಿ, ಏನೂ ಮಾಡದೆ ಇರೋದು. ಹಾಲೆಂಡ್‌ನ ಕೈಸರ್ ಅನ್ನೋ ದಂತವೈದ್ಯರು 1981ರಲ್ಲಿ ಬರೆದ ಮಾತು ಇವತ್ತಿಗೂ ನಿಂತಿದೆ, ಮುಂದಿನ ಹಲ್ಲುಗಳು ಮತ್ತೆ ಅದ್ರ ಹಿಂದಿನ ಚಿಕ್ಕ ದವಡೆಹಲ್ಲುಗಳು ಸೇರಿ ಮೇಲೆ ಕೆಳಗೆ ಒಟ್ಟು ಇಪ್ಪತ್ತು ಗಟ್ಟಿಯಾಗಿದ್ರೆ ಬಹಳಷ್ಟು ಜನ ಚೆನ್ನಾಗೇ ಊಟ ಮಾಡ್ತಾರೆ. ನಿಮಗೆ ಎಡಗಡೆ ಪೂರ್ತಿ ಇದೆ, ಬಲಗಡೆ ಎರಡು ಮಾತ್ರ ಇಲ್ಲ. ಆರು ವರ್ಷ ತೊಂದರೆ ಇಲ್ದೆ ತಿಂದಿದೀರಾ. ನಿಮ್ಮ ಪತ್ರದಲ್ಲಿ ಅಗಿಯೋಕೆ ಕಷ್ಟ ಅಂತ ನೀವು ಒಂದು ಕಡೆನೂ ಬರೆದಿಲ್ಲ, ಮಗ ದುಡ್ಡು ಕೊಡ್ತಾನೆ ಅಂತ ಬರೆದಿದೀರಾ. ಮಗನ ಪ್ರೀತಿ ದೊಡ್ಡದು, ಆದ್ರೆ ಅದು ಆಪರೇಷನ್‌ಗೆ ಕಾರಣ ಆಗಲ್ಲ. ಇನ್ನು ತೆಗೆದು ಹಾಕೋ ಸೆಟ್ ಇದೆ, ಕಮ್ಮಿ ಖರ್ಚು, ಮೂಳೆಗೆ ಕೈ ಹಾಕೋ ಹಾಗಿಲ್ಲ, ಆದ್ರೆ ಊಟದಲ್ಲಿ ಕಾಳು ಸಿಕ್ಕಿಕೊಳುತ್ತೆ, ಕ್ಲಿಪ್ ಹಾಕಿದ ಹಲ್ಲು ದಿನಾ ಚೆನ್ನಾಗಿ ತೊಳೀಬೇಕು, ಸರಿಯಾಗಿ ಕೂರದೆ ವಸಡು ಉಜ್ಜಿದ್ರೆ ನಿಮ್ಮ ಇಂಜೆಕ್ಷನ್ ಕಾರಣಕ್ಕೆ ಆ ಹುಣ್ಣನ್ನೂ ಬೇಗ ತೋರಿಸ್ಬೇಕು. ಬ್ರಿಡ್ಜ್, ಅಂದ್ರೆ ಅಕ್ಕಪಕ್ಕದ ಹಲ್ಲುಗಳನ್ನ ಉಜ್ಜಿ ಅವುಗಳ ಆಧಾರಕ್ಕೆ ಕೂರಿಸೋ ಫಿಕ್ಸ್ ಹಲ್ಲು, ಹಾಕೋಕೆ ಹಿಂದೆ ಬುದ್ಧಿಹಲ್ಲು ಗಟ್ಟಿಯಾಗಿದ್ರೆ ಮಾತ್ರ ಯೋಚನೆ ಮಾಡಬಹುದು, ಇಲ್ಲಾಂದ್ರೆ ಮುಂದಿನ ಒಳ್ಳೇ ಹಲ್ಲನ್ನ ಉಜ್ಜಿ ಹಿಂದಕ್ಕೆ ಎರಡು ಹಲ್ಲು ನೇತು ಹಾಕಿದ್ರೆ ಇರೋ ಹಲ್ಲನ್ನೂ ಕಳ್ಕೊಳ್ತೀರಾ.

ಹಾಗಾದ್ರೆ ನನ್ನ ಹತ್ರ ಬಂದಿದ್ರೆ ಏನು ಮಾಡ್ತಿದ್ದೆ? ಮೊದಲು ಇಂಜೆಕ್ಷನ್ ಚೀಟಿ ನೋಡಿ, ನಿಮ್ಮ ಮೂಳೆ ಡಾಕ್ಟ್ರ ಹತ್ರ ಮಾತಾಡಿ, ಶುಗರ್ ಇಳಿಸ್ಕೊಂಡು ಬನ್ನಿ ಅಂತ ಮೂರು ನಾಲ್ಕು ತಿಂಗಳು ಕೊಡ್ತಿದ್ದೆ. ಆ ಅವಧಿಯಲ್ಲಿ ಉಳಿದ ಹಲ್ಲುಗಳ ಹುಳುಕು, ವಸಡಿನ ಕಾಯಿಲೆ ಎಲ್ಲ ಸರಿ ಮಾಡ್ತಿದ್ದೆ, ಈ ಇಂಜೆಕ್ಷನ್ ತಗೊಳೋರಿಗೆ ಇನ್ನೊಂದು ಹಲ್ಲು ಕೀಳೋ ಪರಿಸ್ಥಿತಿ ಬರದ ಹಾಗೆ ನೋಡ್ಕೊಳೋದೇ ಎಲ್ಲಕ್ಕಿಂತ ಮುಖ್ಯ. ಕೆಳಗಿನ ಹಲ್ಲುಗಳನ್ನೂ ನೋಡ್ತಿದ್ದೆ, ಆರು ವರ್ಷ ಎದುರು ಹಲ್ಲು ಇಲ್ದೇ ಇದ್ರೆ ಅವು ಮೇಲಕ್ಕೆ ಎದ್ದಿರ್ತಾವೆ, ಒಮ್ಮೊಮ್ಮೆ ಎಷ್ಟು ಎದ್ದಿರ್ತಾವೆ ಅಂದ್ರೆ ಮೇಲೆ ಮೂಳೆ ಬರಿಸಿ ಇಂಪ್ಲಾಂಟ್ ಹಾಕಿದ್ರೂ ಕ್ಯಾಪ್ ಕೂರಿಸೋಕೆ ಜಾಗವೇ ಇರಲ್ಲ, ದುಡ್ಡು ಕಟ್ಟೋಕೆ ಮುಂಚೆ ಇದನ್ನ ಕೇಳಲೇಬೇಕು. ಇಷ್ಟಾದ ಮೇಲೂ ನಿಮಗೆ ಫಿಕ್ಸ್ ಹಲ್ಲೇ ಬೇಕು ಅಂದ್ರೆ, ಮೂಳೆ ಡಾಕ್ಟ್ರೂ ಒಪ್ಪಿದ್ರೆ, ಎರಡು ಬೇಡ, ಮುಂದಿನ ಒಂದೇ ದವಡೆಹಲ್ಲಿನ ಜಾಗಕ್ಕೆ ಕೃತಕ ಪೌಡರ್ ಹಾಕಿ ಸೈನಸ್ ಎತ್ತಿ ಒಂದು ಇಂಪ್ಲಾಂಟ್ ಕೊಡ್ತಿದ್ದೆ. ಅಗಿಯೋ ಕೆಲಸದ ಬಹುಪಾಲು ಆ ಹಲ್ಲಲ್ಲೇ ಆಗೋದು, ಅದ್ರ ಹಿಂದಿನದಕ್ಕೆ ಮಾಡೋ ಗ್ರಾಫ್ಟು, ಖರ್ಚು, ಅಪಾಯಕ್ಕೆ ಹೋಲಿಸಿದ್ರೆ ಸಿಗೋ ಲಾಭ ಸಣ್ಣದು. ಬೇಡ ಅಂತ ನೀವೇ ಅಂದ್ರೆ ನಂಗೆ ಇನ್ನೂ ನಿರಾಳ, ಅದನ್ನೂ ಹೇಳಿಬಿಡ್ತೀನಿ.

ಬೇರೆ ಓದುಗರಿಗೆ ಒಂದು ಮಾತು. ಹಲ್ಲು ಇನ್ನೂ ಕೀಳಿಸಿಲ್ಲ, ಮುಂದೆ ಇಂಪ್ಲಾಂಟ್ ಹಾಕಿಸೋ ಯೋಚನೆ ಇದೆ ಅನ್ನೋರು ಕೀಳೋ ದಿನವೇ ಹಲ್ಲಿದ್ದ ಗುಳಿಯೊಳಗೆ ಪೌಡರ್ ತುಂಬಿಸೋದ್ರ ಬಗ್ಗೆ ಡಾಕ್ಟ್ರನ್ನ ಕೇಳಿ. ಸವೆತ ಪೂರ್ತಿ ನಿಲ್ಲಲ್ಲ, ಆದ್ರೆ ಗಣನೀಯವಾಗಿ ಕಮ್ಮಿ ಆಗುತ್ತೆ, ಆಮೇಲಿನ ದೊಡ್ಡ ಆಪರೇಷನ್ ಎಷ್ಟೋ ಸಲ ತಪ್ಪುತ್ತೆ. ಕೆಳದವಡೆಯ ಹಿಂಭಾಗದಲ್ಲಿ ಎತ್ತರ ಹೋದವರ ಕಷ್ಟ ಬೇರೆ ಥರ, ಅಲ್ಲಿ ಸೈನಸ್ ಇಲ್ಲ, ತುಟಿಗೆ ಸ್ಪರ್ಶ ಕೊಡೋ ನರ ಇದೆ, ಅದಕ್ಕೆ ಏಟು ಬಿದ್ರೆ ತುಟಿ, ಗಲ್ಲ ಶಾಶ್ವತವಾಗಿ ಮರಗಟ್ಟಬಹುದು, ಅಲ್ಲಿ ಎತ್ತರ ಬರಿಸೋದು ನಮ್ಮ ಕೆಲಸದಲ್ಲೇ ಅತಿ ಕಷ್ಟದ್ದು.

ಬೆಂಗಳೂರಿಗೇ ಹೋಗ್ಬೇಕಂತ ಏನಿಲ್ಲ. ಊರು ಮುಖ್ಯ ಅಲ್ಲ, ಸೈನಸ್ ಲಿಫ್ಟ್ ಆಗಾಗ ಮಾಡ್ತಾ ಇರೋ ದವಡೆ ಸರ್ಜನ್ ಅಥವಾ ವಸಡಿನ ಸ್ಪೆಷಲಿಸ್ಟ್ ಮುಖ್ಯ, ಎಷ್ಟು ಮಾಡಿದೀರಾ, ಪೊರೆ ಹರಿದ್ರೆ ಏನು ಮಾಡ್ತೀರಾ ಅಂತ ನೇರವಾಗಿ ಕೇಳಿ, ಗೊತ್ತಿರೋರು ಬೇಜಾರು ಮಾಡ್ಕೊಳಲ್ಲ. ಎರಡನೇ ಅಭಿಪ್ರಾಯ ಬೇಕಂದ್ರೆ ನಿಮಗೆ ಮಣಿಪಾಲ, ದಾವಣಗೆರೆಯ ಡೆಂಟಲ್ ಕಾಲೇಜುಗಳು ಹತ್ರ, ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ರದ ಸರ್ಕಾರಿ ಡೆಂಟಲ್ ಕಾಲೇಜೂ ಇದೆ, ಕಾಲೇಜಲ್ಲಿ ಸಮಯ ಜಾಸ್ತಿ ಹಿಡಿಯುತ್ತೆ ಆದ್ರೆ ಖರ್ಚು ಸಾಮಾನ್ಯವಾಗಿ ಕಮ್ಮಿ, ಮೂಗಿನ ಡಾಕ್ಟ್ರು, ಶುಗರ್ ಡಾಕ್ಟ್ರು ಸಿಗೋದೂ ಸುಲಭ. ಹೋಗೋವಾಗ ಶಿವಮೊಗ್ಗದಲ್ಲಿ ಮಾಡಿಸಿದ ಸ್ಕ್ಯಾನ್‌ನ ಫಿಲ್ಮ್ ಮಾತ್ರ ಅಲ್ಲ, ಸ್ಕ್ಯಾನ್ ಫೈಲ್ ಇರೋ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಇಸ್ಕೊಳಿ, ಅದಿದ್ರೆ ಇನ್ನೊಂದು ಸಲ ಸ್ಕ್ಯಾನ್ ಮಾಡಿಸೋ ಖರ್ಚು ಉಳಿಯುತ್ತೆ. ಮುಂದೆ ಎಲ್ಲೇ ಮಾಡ್ಸಿದ್ರೂ ಪೌಡರ್, ಪೊರೆ, ಇಂಪ್ಲಾಂಟ್ ಮೂರರ ಡಬ್ಬದ ಮೇಲೂ ಸ್ಟಿಕ್ಕರ್ ಇರುತ್ತೆ, ಕಂಪನಿ ಹೆಸರು, ಬ್ಯಾಚ್ ನಂಬರ್ ಇರೋದು, ಅದನ್ನ ನಿಮ್ಮ ಫೈಲ್‌ಗೆ ಅಂಟಿಸಿಕೊಡೋಕೆ ಹೇಳಿ. ಯಾವ ಪ್ರಾಣೀದು ಅನ್ನೋ ಅನುಮಾನಕ್ಕೂ, ಹತ್ತು ವರ್ಷ ಬಿಟ್ಟು ಸ್ಕ್ರೂ ಸಡಿಲ ಆದಾಗ ಇದು ಯಾವ ಕಂಪನೀದು ಅಂತ ಹುಡುಕೋ ಡಾಕ್ಟ್ರಿಗೂ ಅದೇ ಬೇಕಾಗೋದು.